ಐಸಿಯು ರೋಗಿಯ ಕ್ರಿಯಾಟಿನಿನ್ ‘ನಾರ್ಮಲ್’ ಇದ್ದರೆ ಕಿಡ್ನಿ ಚೆನ್ನಾಗಿದೆ ಎಂದು ಅರ್ಥವೇ?

ಸಂಕ್ಷಿಪ್ತವಾಗಿ

‘ಕ್ರಿಯಾಟಿನಿನ್ 1.2ರ ಒಳಗಿದ್ದರೆ ಕಿಡ್ನಿಗೆ ಏನೂ ಆಗಿಲ್ಲ, ಅದನ್ನು ದಾಟಿದರೆ ಕಿಡ್ನಿ ಹೋಯಿತು’ ಎನ್ನುವ ಅರ್ಥದ ಸಂದೇಶಗಳು ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಓಡಾಡುತ್ತವೆ. ಮನೆಯಲ್ಲಿ ಓಡಾಡಿಕೊಂಡಿರುವವರ ಮಟ್ಟಿಗೆ ಈ ಮಾತು ಅರ್ಧ ಸತ್ಯ. ಐಸಿಯುನಲ್ಲಿ ಮಲಗಿರುವವರ ಮಟ್ಟಿಗೆ ಇದು ದಾರಿ ತಪ್ಪಿಸುವ ಮಾತು. ಅಲ್ಲಿ ವೈದ್ಯರು ಮುಖ್ಯವಾಗಿ ಎರಡು ವಿಷಯ ನೋಡುತ್ತಾರೆ: ನಿನ್ನೆಗಿಂತ ಇವತ್ತು ಕ್ರಿಯಾಟಿನಿನ್ ಎಷ್ಟು ಏರಿದೆ, ಗಂಟೆಗೆ ಎಷ್ಟು ಮೂತ್ರ ಬರುತ್ತಿದೆ. ಈ ಎರಡನ್ನೂ ರೋಗಿಯ ಮನೆಯವರು ತಿಳಿದುಕೊಂಡಿದ್ದರೆ ಏನು ಉಪಯೋಗ ಎಂಬುದನ್ನು ಈ ಲೇಖನದಲ್ಲಿ ವಿವರಿಸುತ್ತೇವೆ.

ಹೂಗ್ಯಂನಂಥ ಊರಿನವರಿಗೆ ಇದು ಯಾಕೆ ಗೊತ್ತಿರಬೇಕು?

ಹೂಗ್ಯಂ ಚಾಮರಾಜನಗರ ಜಿಲ್ಲೆಯ ಹನೂರು ತಾಲ್ಲೂಕಿನ ಕಾಡಂಚಿನ ಊರು. ಒಂದು ಕಡೆ ಮಲೆ ಮಹದೇಶ್ವರ ವನ್ಯಧಾಮ, ಇನ್ನೊಂದು ಕಡೆ ತಮಿಳುನಾಡಿನ ಗಡಿ. ಇಂಥ ಊರಿನಲ್ಲಿ ಯಾರಾದರೂ ಸಾವು ಬದುಕಿನ ನಡುವೆ ಇದ್ದರೆ ಒಂದೇ ಆಸ್ಪತ್ರೆಯಲ್ಲಿ ಕೆಲಸ ಮುಗಿಯುವುದು ಅಪರೂಪ. ಹತ್ತಿರದ ಆಸ್ಪತ್ರೆಯಲ್ಲಿ ಡ್ರಿಪ್ ಹಾಕುತ್ತಾರೆ, ಕೊಳ್ಳೇಗಾಲದಲ್ಲಿ ರಕ್ತ ಪರೀಕ್ಷೆ ಆಗುತ್ತದೆ, ಐಸಿಯು ಬೇಕೆಂದರೆ ಚಾಮರಾಜನಗರಕ್ಕೋ ಮೈಸೂರಿಗೋ ಹೋಗಬೇಕಾಗುತ್ತದೆ. ಈ ಓಡಾಟದಲ್ಲಿ ಮೊದಲ ರಿಪೋರ್ಟು ಎಲ್ಲೋ ಕಳೆದುಹೋಗುತ್ತದೆ. ಕಿಡ್ನಿಯ ಲೆಕ್ಕಕ್ಕೆ ಬಹಳ ಬೇಕಾಗುವುದು ಅದೇ ಮೊದಲ ರಿಪೋರ್ಟು.

ಈ ಭಾಗದ ಜನರಿಗೆ ಐಸಿಯು ಹೊಸದೇನಲ್ಲ. 2018ರ ಡಿಸೆಂಬರ್ 14ರಂದು ಇದೇ ಹನೂರು ಭಾಗದ ಸುಳ್ವಾಡಿಯ ಕಿಚ್‌ಗುತ್ ಮಾರಮ್ಮ ದೇವಸ್ಥಾನದಲ್ಲಿ ಕೀಟನಾಶಕ ಬೆರೆತ ಪ್ರಸಾದ ತಿಂದು 17 ಮಂದಿ ತೀರಿಕೊಂಡರು, ನೂರಕ್ಕೂ ಹೆಚ್ಚು ಜನ ಅಸ್ವಸ್ಥರಾದರು. ಅನೇಕರನ್ನು ಆಂಬುಲೆನ್ಸ್‌ಗಳಲ್ಲಿ ಮೈಸೂರಿಗೆ ಸಾಗಿಸಿ ವೆಂಟಿಲೇಟರ್ ಮೇಲೆ ಇಡಬೇಕಾಯಿತು. ಆಗ ಸುತ್ತಲಿನ ಎಷ್ಟೋ ಮನೆಯವರು ಐಸಿಯು ಬಾಗಿಲ ಹೊರಗೆ ದಿನಗಟ್ಟಲೆ ಕಾದು ಕುಳಿತಿದ್ದರು.

ಕಿಡ್ನಿಗೆ ನೇರವಾಗಿ ಏಟು ಕೊಡುವ ಇನ್ನೊಂದು ಅಪಾಯ ಹೊಲದಲ್ಲೇ ಇದೆ. ಅದು ಕೊಳಕುಮಂಡಲ ಹಾವು. ಇದರ ವಿಷ ರಕ್ತ ಹೆಪ್ಪುಗಟ್ಟುವ ವ್ಯವಸ್ಥೆಯನ್ನು ಹಾಳುಮಾಡುತ್ತದೆ, ಜೊತೆಗೆ ಕಿಡ್ನಿಯನ್ನೂ ಕೆಡಿಸಬಲ್ಲದು. ಹಾವು ಕಡಿತವನ್ನು ಕರ್ನಾಟಕ ಸರ್ಕಾರ 2024ರ ಫೆಬ್ರುವರಿಯಲ್ಲಿ ಅಧಿಸೂಚಿತ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಅಂದರೆ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ಆರೋಗ್ಯ ಇಲಾಖೆಗೆ ವರದಿ ಮಾಡಬೇಕು.

ಕ್ರಿಯಾಟಿನಿನ್ ಅಂದರೆ ಏನು?

ನಮ್ಮ ಮಾಂಸಖಂಡಗಳು ಕೆಲಸ ಮಾಡುವಾಗ ಉಳಿಯುವ ಕಸವೇ ಕ್ರಿಯಾಟಿನಿನ್. ದಿನಾಲೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ರಕ್ತಕ್ಕೆ ಸೇರುತ್ತದೆ, ಕಿಡ್ನಿ ಅದನ್ನು ಸೋಸಿ ಮೂತ್ರದಲ್ಲಿ ಹೊರಹಾಕುತ್ತದೆ. ಆರೋಗ್ಯವಂತರ ಎರಡು ಕಿಡ್ನಿಗಳೂ ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸುತ್ತವೆ. ಅದರಲ್ಲಿ ಬಹುಪಾಲು ಮತ್ತೆ ರಕ್ತಕ್ಕೇ ವಾಪಸು ಹೋಗುತ್ತದೆ, ಒಂದೆರಡು ಲೀಟರ್ ಮಾತ್ರ ಮೂತ್ರವಾಗುತ್ತದೆ. ಹೀಗೆ ನಿಮಿಷಕ್ಕೆ ಎಷ್ಟು ಸೋಸುತ್ತದೆ ಎಂಬುದೇ ಕಿಡ್ನಿಯ ಕೆಲಸದ ನಿಜವಾದ ಅಳತೆ. ಅದನ್ನು ವೈದ್ಯರು ಜಿಎಫ್‌ಆರ್ ಅನ್ನುತ್ತಾರೆ.

ಇದನ್ನು ಒಂದು ಕೆರೆಯಂತೆ ಭಾವಿಸಿ. ಹಳ್ಳದಿಂದ ನೀರು ಒಂದೇ ಸಮನೆ ಬರುತ್ತಿದೆ, ತೂಬಿನಿಂದ ಅಷ್ಟೇ ನೀರು ಹೋಗುತ್ತಿದೆ. ನೀರಿನ ಮಟ್ಟ ಹಾಗೇ ನಿಂತಿರುತ್ತದೆ. ಈಗ ಯಾರೋ ತೂಬು ಮುಚ್ಚಿದರು ಅಂದುಕೊಳ್ಳಿ. ಮುಚ್ಚಿದ ಮರುಗಳಿಗೆಯಲ್ಲಿ ಮಟ್ಟ ನೋಡಿದರೆ ಏನೂ ಬದಲಾಗಿರುವುದಿಲ್ಲ. ನೀರು ತುಂಬಿ ಏರಿ ಮೇಲೆ ಬಂದಾಗಲೇ ತೂಬು ಮುಚ್ಚಿದ್ದು ಗೊತ್ತಾಗುವುದು. ಕಿಡ್ನಿ ತೂಬು, ಕ್ರಿಯಾಟಿನಿನ್ ನೀರಿನ ಮಟ್ಟ.

ಬೆಳಿಗ್ಗೆ 10 ಗಂಟೆಗೆ ಎರಡೂ ಕಿಡ್ನಿ ಪೂರ್ತಿ ನಿಂತರೂ ಮಧ್ಯಾಹ್ನದ ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಹೆಚ್ಚುಕಡಿಮೆ ಮೊದಲಿನಷ್ಟೇ ಇರುತ್ತದೆ. ಕಿಡ್ನಿ ಪೂರ್ತಿ ನಿಂತರೆ ಕ್ರಿಯಾಟಿನಿನ್ ದಿನಕ್ಕೆ ಸಾಮಾನ್ಯವಾಗಿ 1ರಿಂದ 1.5ರಷ್ಟು ಏರುತ್ತದೆ. ಹಾಗಾಗಿ ಕಿಡ್ನಿಗೆ ಏಟು ಬಿದ್ದದ್ದು ರಿಪೋರ್ಟಿನಲ್ಲಿ ಸ್ಪಷ್ಟವಾಗಿ ಕಾಣಿಸಲು ಒಂದೆರಡು ದಿನವೇ ಬೇಕಾಗಬಹುದು.

‘ನಾರ್ಮಲ್’ ಅಂತ ಬರೆದಿದ್ದರೂ ಕಿಡ್ನಿಗೆ ಏಟು ಬಿದ್ದಿರಬಹುದೇ?

ಖಂಡಿತ ಬಿದ್ದಿರಬಹುದು. ಒಂದು ಕಾಲ್ಪನಿಕ ಉದಾಹರಣೆ ನೋಡೋಣ. ಹೂಗ್ಯಂ ಕಡೆಯ 50 ವರ್ಷದ, 60 ಕೆಜಿ ತೂಕದ ರೈತರೊಬ್ಬರಿಗೆ ಸೋಮವಾರ ಸಂಜೆ ಕೊಳಕುಮಂಡಲ ಕಚ್ಚಿದೆ.

• ಸೋಮವಾರ ರಾತ್ರಿ, ಮೊದಲ ಆಸ್ಪತ್ರೆಯಲ್ಲಿ ಕ್ರಿಯಾಟಿನಿನ್: 0.8
• ಮಂಗಳವಾರ ರಾತ್ರಿ: 1.2
• ಬುಧವಾರ ರಾತ್ರಿ: 2.3
• ಗುರುವಾರ ರಾತ್ರಿ: 3.6

ಮಂಗಳವಾರದ 1.2 ನೋಡಿ. ಎಷ್ಟೋ ಲ್ಯಾಬ್‌ಗಳ ರಿಪೋರ್ಟಿನಲ್ಲಿ ಗಂಡಸರಿಗೆ 1.3ರವರೆಗೂ ನಾರ್ಮಲ್ ಎಂದೇ ಅಚ್ಚಾಗಿರುತ್ತದೆ. ಮನೆಯವರು ನಿಟ್ಟುಸಿರು ಬಿಡುತ್ತಾರೆ. ಆದರೆ ಕಿಡ್ನಿ ಕಾಯಿಲೆಗಳಿಗೆ ಮಾರ್ಗಸೂಚಿ ರೂಪಿಸುವ ‘ಕೆಡಿಗೊ’ ಎಂಬ ಅಂತರರಾಷ್ಟ್ರೀಯ ಸಂಸ್ಥೆ 2012ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ, ಕೆಳಗಿನ ಮೂರರಲ್ಲಿ ಯಾವುದಾದರೂ ಒಂದು ಇದ್ದರೂ ಅದು ಕಿಡ್ನಿಗೆ ದಿಢೀರನೆ ಬಿದ್ದ ಏಟು:

• 48 ಗಂಟೆಯೊಳಗೆ ಕ್ರಿಯಾಟಿನಿನ್ 0.3 ಅಥವಾ ಅದಕ್ಕಿಂತ ಹೆಚ್ಚು ಏರುವುದು
• 7 ದಿನದೊಳಗೆ ಅವರದೇ ಮೊದಲಿನ ಮಟ್ಟದ ಒಂದೂವರೆ ಪಟ್ಟು ಆಗುವುದು
• ಮೂತ್ರ 6 ಗಂಟೆ ಕಾಲ, ಪ್ರತಿ ಕೆಜಿ ತೂಕಕ್ಕೆ ಗಂಟೆಗೆ 0.5 ಮಿ.ಲೀ.ಗಿಂತ ಕಡಿಮೆ ಬರುವುದು

ನಮ್ಮ ಉದಾಹರಣೆಯಲ್ಲಿ 0.8 ಇದ್ದದ್ದು 1.2 ಆಗಿದೆ. ಏರಿಕೆ 0.4, ಅಂದರೆ ಒಂದೂವರೆ ಪಟ್ಟು. ಲ್ಯಾಬಿನ ಕಾಗದ ನಾರ್ಮಲ್ ಅನ್ನುತ್ತಿದ್ದರೂ ಏಟು ಆಗಲೇ ಬಿದ್ದಿದೆ. ಸೋಮವಾರದ ಚೀಟಿ ಕೈಯಲ್ಲಿದ್ದರೆ ಮಾತ್ರ ಈ ಏರಿಕೆ ಕಾಣುತ್ತದೆ. ಚೀಟಿ ಕಳೆದುಹೋಗಿದ್ದರೆ ಮುಂದಿನ ಆಸ್ಪತ್ರೆಯ ವೈದ್ಯರ ಎದುರು ಇರುವುದು ಬರೀ 1.2.

ಇದಕ್ಕೆ ಉಲ್ಟಾ ಕೂಡ ಆಗುತ್ತದೆ. ವರ್ಷಗಳಿಂದ ಸಕ್ಕರೆ ಕಾಯಿಲೆ ಇರುವ ಅಜ್ಜನಿಗೆ ಮೊದಲಿನಿಂದಲೂ 1.8 ಇದ್ದು, ಐಸಿಯುನಲ್ಲೂ 1.8 ಬಂದರೆ ಅದು ಹಳೆಯ ತೊಂದರೆ. ಹೊಸ ಏಟು ಬಿದ್ದಿದೆ ಎಂದು ಆ ಸಂಖ್ಯೆಯಿಂದ ಹೇಳಲಾಗದು. ಇದು ತಿಳಿಯಬೇಕಾದರೂ ಹಳೆಯ ರಿಪೋರ್ಟೇ ಬೇಕು.

ಐಸಿಯುನಲ್ಲಿ ಈ ಸಂಖ್ಯೆ ಯಾಕೆ ಇನ್ನಷ್ಟು ಮೋಸ ಮಾಡುತ್ತದೆ?

ಮೊದಲನೆಯದು, ಡ್ರಿಪ್. ರೋಗಿಯ ಮೈಯಲ್ಲಿ ಒಳಗೆ ಹೋದದ್ದಕ್ಕೂ ಹೊರಗೆ ಬಂದದ್ದಕ್ಕೂ 6 ಲೀಟರ್ ವ್ಯತ್ಯಾಸ ಇದೆ ಅಂದುಕೊಳ್ಳಿ. 60 ಕೆಜಿ ಮನುಷ್ಯನ ಮೈಯಲ್ಲಿ ಸುಮಾರು 36 ಲೀಟರ್ ನೀರಿರುತ್ತದೆ, ಅದು ಈಗ 42 ಲೀಟರ್ ಆಯಿತು. ಕ್ರಿಯಾಟಿನಿನ್ ಅಷ್ಟರಮಟ್ಟಿಗೆ ತೆಳುವಾಗುತ್ತದೆ. 1.4 ಇರಬೇಕಾದದ್ದು 1.2 ಎಂದು ಕಾಣುತ್ತದೆ.

ಎರಡನೆಯದು, ಮಾಂಸಖಂಡ. ವಾರಗಟ್ಟಲೆ ಹಾಸಿಗೆ ಹಿಡಿದವರ ಸ್ನಾಯು ಕರಗುತ್ತದೆ. ಹಳ್ಳದ ನೀರೇ ಕಡಿಮೆಯಾದ ಮೇಲೆ ತೂಬು ಅರ್ಧ ಮುಚ್ಚಿದ್ದರೂ ಕೆರೆಯ ಮಟ್ಟ ಏರುವುದಿಲ್ಲ. ಬಡಕಲು ದೇಹದವರಲ್ಲಿ, ವಯಸ್ಸಾದವರಲ್ಲಿ ‘0.6, ತುಂಬಾ ಚೆನ್ನಾಗಿದೆ’ ಎಂದು ಸಂಭ್ರಮಿಸುವಂತಿಲ್ಲ.

ಮೂರನೆಯದು, ಪರೀಕ್ಷೆಯ ವಿಧಾನ. ಮ್ಯಾಕ್ಸ್ ಯಾಫೆ ಎಂಬ ಜರ್ಮನ್ ವಿಜ್ಞಾನಿ 1886ರಲ್ಲಿ ಕಂಡುಹಿಡಿದ ಬಣ್ಣದ ಪರೀಕ್ಷೆಯನ್ನೇ ಸುಧಾರಿಸಿ ಅನೇಕ ಲ್ಯಾಬ್‌ಗಳು ಈಗಲೂ ಬಳಸುತ್ತವೆ. ರೋಗಿಗೆ ಕಾಮಾಲೆ ಜೋರಾಗಿದ್ದರೆ ಈ ವಿಧಾನದಲ್ಲಿ ಕ್ರಿಯಾಟಿನಿನ್ ಇರುವುದಕ್ಕಿಂತ ಕಡಿಮೆ ತೋರಬಹುದು. ಸಕ್ಕರೆ ಕಾಯಿಲೆ ಕೈಮೀರಿ ರಕ್ತದಲ್ಲಿ ಕೀಟೋನ್ ಹೆಚ್ಚಿದ್ದರೆ ಇರುವುದಕ್ಕಿಂತ ಜಾಸ್ತಿ ತೋರಬಹುದು.

ನಾಲ್ಕನೆಯದು, ಔಷಧಿ. ಟ್ರೈಮೆಥೊಪ್ರಿಮ್ ಇರುವ ಆಂಟಿಬಯಾಟಿಕ್ ಕೊಟ್ಟಾಗ ಕಿಡ್ನಿಗೆ ಏನೂ ಆಗದಿದ್ದರೂ ಕ್ರಿಯಾಟಿನಿನ್ ತುಸು ಏರಬಹುದು.

ಯೂರಿಯಾ ನೋಡಿದರೆ ಸಾಕಲ್ಲವೇ ಎಂದು ಕೆಲವರು ಕೇಳುತ್ತಾರೆ. ಸಾಲದು. ಹೊಟ್ಟೆಯೊಳಗೆ ರಕ್ತಸ್ರಾವ ಆದರೂ, ಸ್ಟೀರಾಯ್ಡ್ ಕೊಟ್ಟರೂ, ಮೈಯಲ್ಲಿ ನೀರು ಬತ್ತಿದರೂ ಯೂರಿಯಾ ಏರುತ್ತದೆ.

ರಿಪೋರ್ಟಿನಲ್ಲಿರುವ ‘ಇಜಿಎಫ್‌ಆರ್’ ನಂಬಬಹುದೇ?

ಈಚೆಗೆ ಎಷ್ಟೋ ರಿಪೋರ್ಟುಗಳಲ್ಲಿ ಕ್ರಿಯಾಟಿನಿನ್ ಪಕ್ಕದಲ್ಲೇ ಇಜಿಎಫ್‌ಆರ್ ಎಂದು ಇನ್ನೊಂದು ಸಂಖ್ಯೆ ಇರುತ್ತದೆ. ಇದು ಕಿಡ್ನಿ ಎಷ್ಟು ಸೋಸುತ್ತಿದೆ ಎಂಬುದರ ಅಂದಾಜು. ವಯಸ್ಸು, ಲಿಂಗ, ಕ್ರಿಯಾಟಿನಿನ್ ಮೂರನ್ನೂ ಸೂತ್ರಕ್ಕೆ ಹಾಕಿ ತೆಗೆಯುತ್ತಾರೆ. ಆ ಸೂತ್ರ ಹೊಂದುವುದು ಕೆರೆಯ ಮಟ್ಟ ನಿಂತಿರುವಾಗ ಮಾತ್ರ. ದಿನದಿಂದ ದಿನಕ್ಕೆ ಏರುತ್ತಿರುವಾಗ ಸೂತ್ರದ ಲೆಕ್ಕ ಕೆಡುತ್ತದೆ.

ನಮ್ಮ ರೈತರ ಕ್ರಿಯಾಟಿನಿನ್ ಏರುತ್ತಾ ಏರುತ್ತಾ ಬುಧವಾರ ಮಧ್ಯಾಹ್ನ 2.0 ತಲುಪಿದೆ ಎಂದುಕೊಳ್ಳೋಣ. 2021ರ ಸೂತ್ರದ ಪ್ರಕಾರ ಇಜಿಎಫ್‌ಆರ್ ಸುಮಾರು 40 ಬರುತ್ತದೆ. ಈಗ ವೈದ್ಯರು ಸೂತ್ರ ಬಿಟ್ಟು ನೇರವಾಗಿ ಅಳೆಯುತ್ತಾರೆ. 4 ಗಂಟೆಯ ಮೂತ್ರ ಶೇಖರಿಸಿದಾಗ 120 ಮಿ.ಲೀ. ಬಂತು, ಅಂದರೆ ನಿಮಿಷಕ್ಕೆ 0.5 ಮಿ.ಲೀ. ಆ ಮೂತ್ರದಲ್ಲಿ ಕ್ರಿಯಾಟಿನಿನ್ 60 ಇದೆ. ಮೂತ್ರದ 60ನ್ನು 0.5ರಿಂದ ಗುಣಿಸಿ, ರಕ್ತದ 2ರಿಂದ ಭಾಗಿಸಿದರೆ 15. ಸೂತ್ರ 40 ಅಂದಿತು, ಅಳತೆ 15 ಅಂದಿತು. ಔಷಧಿಯ ಡೋಸ್ ನಿಗದಿ ಮಾಡುವಾಗ ಈ ವ್ಯತ್ಯಾಸ ಸಣ್ಣದಲ್ಲ. ಕಿಡ್ನಿಯ ಮೂಲಕ ಹೊರಹೋಗುವ ಔಷಧಿಯನ್ನು 40ರ ಲೆಕ್ಕದಲ್ಲಿ ಕೊಟ್ಟರೆ ಅದು ಮೈಯಲ್ಲೇ ಉಳಿದು ವಿಷವಾಗಬಹುದು.

ಇದಕ್ಕೆ ವಿರುದ್ಧವಾದ ಸ್ಥಿತಿಯೂ ಇದೆ. ಅಪಘಾತ ಅಥವಾ ಸೋಂಕಿನಿಂದ ಐಸಿಯು ಸೇರಿದ ಕೆಲವು ಯುವಕರಲ್ಲಿ ಕಿಡ್ನಿ ಮಾಮೂಲಿಗಿಂತ ವೇಗವಾಗಿ ಸೋಸುತ್ತದೆ, ನಿಮಿಷಕ್ಕೆ 130 ಮಿ.ಲೀ.ಗೂ ಹೆಚ್ಚು. ಅವರ ಕ್ರಿಯಾಟಿನಿನ್ ನಾರ್ಮಲ್ ಇರುತ್ತದೆ, ಆದರೆ ಕೊಟ್ಟ ಆಂಟಿಬಯಾಟಿಕ್ ಬೇಗ ಮೂತ್ರದಲ್ಲಿ ಹೋಗಿಬಿಡುತ್ತದೆ. ಇವರಿಗೆ ಡೋಸ್ ಸಾಲದೆ ಸೋಂಕು ಬಗ್ಗದಿರುವ ಅಪಾಯವಿದೆ. ಇದೂ ಮೂತ್ರ ಶೇಖರಿಸಿ ಅಳೆದರೆ ಮಾತ್ರ ಸರಿಯಾಗಿ ಗೊತ್ತಾಗುವುದು.

ಯೂರಿನ್ ಬ್ಯಾಗ್ ಹೇಳುವ ಕತೆ

ಹಾಸಿಗೆಯ ಪಕ್ಕ ನೇತಾಡುವ ಯೂರಿನ್ ಬ್ಯಾಗ್ ಸಾಮಾನ್ಯ ವಸ್ತುವಲ್ಲ. ಕ್ರಿಯಾಟಿನಿನ್ ಏರುವುದಕ್ಕೆ ಮುಂಚೆಯೇ ಎಷ್ಟೋ ಸಲ ಮೂತ್ರ ಕಡಿಮೆಯಾಗಿರುತ್ತದೆ. ಲೆಕ್ಕ ಸುಲಭ. ತೂಕವನ್ನು ಅರ್ಧ ಮಾಡಿ, ಗಂಟೆಗೆ ಅಷ್ಟು ಮಿ.ಲೀ. ಬರಬೇಕು. 60 ಕೆಜಿಯವರಿಗೆ ಗಂಟೆಗೆ 30, 6 ಗಂಟೆಗೆ 180 ಮಿ.ಲೀ. ಅದಕ್ಕಿಂತ ಕಡಿಮೆಯಾದರೆ ವೈದ್ಯರು ಎಚ್ಚರಗೊಳ್ಳುತ್ತಾರೆ. ಅದಕ್ಕೇ ಐಸಿಯು ನರ್ಸ್‌ಗಳು ಗಂಟೆಗಂಟೆಗೂ ಅಳತೆ ಬರೆದಿಡುವುದು.

ಹಾಗಂತ ಇದಕ್ಕೂ ಮಿತಿ ಇದೆ. ಟ್ಯೂಬ್ ಮಡಚಿಕೊಂಡಿದ್ದರೆ ಅಥವಾ ಕಟ್ಟಿಕೊಂಡಿದ್ದರೆ ಮೂತ್ರ ಚೀಲದಲ್ಲೇ ಉಳಿಯುತ್ತದೆ. ಕೀಟನಾಶಕ ಹೊಟ್ಟೆಗೆ ಹೋದವರಿಗೆ ಕೊಡುವ ಅಟ್ರೋಪಿನ್ ಔಷಧಿಯಿಂದ ಮೂತ್ರಚೀಲ ತುಂಬಿದ್ದರೂ ಖಾಲಿಯಾಗದೆ ಇರಬಹುದು. ಕ್ಯಾತಿಟರ್ ಹಾಕದವರಲ್ಲಿ ಇದು ‘ಮೂತ್ರವೇ ಇಲ್ಲ’ ಎಂಬಂತೆ ಕಾಣುತ್ತದೆ. ಅಲ್ಲಿ ತೊಂದರೆ ಇರುವುದು ಕಿಡ್ನಿಯಲ್ಲಲ್ಲ. ಹೀಗಾಗಿ ಮೂತ್ರ ನಿಂತಾಗ ಮೊದಲು ಟ್ಯೂಬ್, ಮೂತ್ರಚೀಲ ಎರಡನ್ನೂ ಪರೀಕ್ಷಿಸುತ್ತಾರೆ.

‘ಲಾಸಿಕ್ಸ್ ಇಂಜೆಕ್ಷನ್ ಕೊಟ್ಟರು, ಮೂತ್ರ ಬಂತು, ಕಿಡ್ನಿ ಸರಿಹೋಯಿತು’ ಎನ್ನುವುದೂ ತಪ್ಪು. ಆ ಔಷಧಿ ನೀರನ್ನು ಹೊರಹಾಕಿಸುತ್ತದೆ, ಕಿಡ್ನಿಯನ್ನು ವಾಸಿ ಮಾಡುವುದಿಲ್ಲ. ಆದರೆ ಅದನ್ನೇ ಪರೀಕ್ಷೆಯಾಗಿ ಬಳಸುವ ಕ್ರಮವಿದೆ. ಲೆಕ್ಕ ಹಾಕಿದ ಒಂದು ಡೋಸ್ ಕೊಟ್ಟು 2 ಗಂಟೆಯಲ್ಲಿ 200 ಮಿ.ಲೀ.ಗಿಂತ ಕಡಿಮೆ ಮೂತ್ರ ಬಂದರೆ ಏಟು ಇನ್ನೂ ಬಿಗಡಾಯಿಸುವ ಸಾಧ್ಯತೆ ಹೆಚ್ಚು ಎಂದು ತಿಳಿಯುತ್ತಾರೆ.

ಹೊಸ ಪರೀಕ್ಷೆಗಳು ಬಂದಿಲ್ಲವೇ?

ಬಂದಿವೆ. ಸಿಸ್ಟಾಟಿನ್ ಸಿ ಎಂಬ ರಕ್ತ ಪರೀಕ್ಷೆ ಮಾಂಸಖಂಡವನ್ನು ಅಷ್ಟಾಗಿ ಅವಲಂಬಿಸಿಲ್ಲ. ಆದರೆ ಸ್ಟೀರಾಯ್ಡ್, ಥೈರಾಯ್ಡ್ ತೊಂದರೆ, ಉರಿಯೂತಗಳಿಂದ ಅದೂ ಏರುಪೇರಾಗುತ್ತದೆ. ಎನ್‌ಗಾಲ್ ಎಂಬ ಪರೀಕ್ಷೆ ಕ್ರಿಯಾಟಿನಿನ್‌ಗಿಂತ ಮುಂಚೆಯೇ ಕಿಡ್ನಿಯ ಏಟನ್ನು ಸೂಚಿಸಬಲ್ಲದು. ಆದರೆ ಮೈಯಲ್ಲಿ ಸೋಂಕು ಇದ್ದರೂ ಏರುತ್ತದೆ. ಇವು ಎಲ್ಲ ಆಸ್ಪತ್ರೆಗಳಲ್ಲಿ ಸಿಗುವುದಿಲ್ಲ, ಸಿಗದಿದ್ದರೆ ಚಿಕಿತ್ಸೆ ಕೆಡುತ್ತದೆ ಎಂದೂ ಅಲ್ಲ. ಮೂತ್ರದ ಅಳತೆ, ದಿನಕ್ಕೊಂದು ಕ್ರಿಯಾಟಿನಿನ್, ಪೊಟ್ಯಾಸಿಯಂ, ಬೇಕಾದಾಗ ಒಂದು ಸ್ಕ್ಯಾನ್ ಇಷ್ಟನ್ನೇ ಕ್ರಮವಾಗಿ ನೋಡುತ್ತಾ ಹೋದರೆ ಬಹಳಷ್ಟು ತಿಳಿಯುತ್ತದೆ.

‘ಒಮ್ಮೆ ಡಯಾಲಿಸಿಸ್ ಮಾಡಿಸಿದರೆ ಸಾಯುವತನಕ ಬಿಡದು’ ನಿಜವೇ?

ಇದು ಜೀವಕ್ಕೇ ಕುತ್ತು ತರುವ ತಪ್ಪು ಕಲ್ಪನೆ. ಈ ಭಯದಿಂದ ಕೆಲವರು ‘ಡಯಾಲಿಸಿಸ್ ಬೇಡ, ಮನೆಗೆ ಕರೆದುಕೊಂಡು ಹೋಗುತ್ತೇವೆ’ ಎಂದು ಸಹಿ ಹಾಕಿಬಿಡುತ್ತಾರೆ. ವರ್ಷಗಟ್ಟಲೆ ಸವೆದು ಹಾಳಾದ ಕಿಡ್ನಿ ಬೇರೆ, ದಿಢೀರನೆ ಏಟು ತಿಂದ ಕಿಡ್ನಿ ಬೇರೆ. ಎರಡನೆಯದರಲ್ಲಿ ಡಯಾಲಿಸಿಸ್ ಎಂಬುದು ಕಿಡ್ನಿ ಚೇತರಿಸಿಕೊಳ್ಳುವತನಕ ಕೊಡುವ ಊರುಗೋಲು. ಅನೇಕರಲ್ಲಿ ಕೆಲವು ದಿನ ಅಥವಾ ವಾರಗಳಲ್ಲಿ ಕಿಡ್ನಿ ಮತ್ತೆ ಕೆಲಸಕ್ಕೆ ಹತ್ತುತ್ತದೆ. ಎಲ್ಲರಿಗೂ ಹಾಗಾಗುತ್ತದೆ ಎಂದು ಹೇಳಲಾಗದು. ಕೊಳಕುಮಂಡಲ ಕಡಿತದ ಕೆಲವರಲ್ಲಿ ಕಿಡ್ನಿಯ ಹೊರಪದರವೇ ಸತ್ತು ಪೂರ್ತಿ ಚೇತರಿಕೆ ಆಗದಿರಬಹುದು.

ಇದರ ಇನ್ನೊಂದು ಮುಖ, ‘ಕ್ರಿಯಾಟಿನಿನ್ 4 ದಾಟಿತು, ಆದರೂ ಡಯಾಲಿಸಿಸ್ ಮಾಡುತ್ತಿಲ್ಲ’ ಎಂಬ ಸಿಟ್ಟು. ಬರೀ ಕ್ರಿಯಾಟಿನಿನ್ ನೋಡಿ ಡಯಾಲಿಸಿಸ್ ಶುರು ಮಾಡುವುದಿಲ್ಲ. ಪೊಟ್ಯಾಸಿಯಂ ಅಪಾಯಕ್ಕೆ ಏರಿದೆಯೇ, ರಕ್ತದಲ್ಲಿ ಆಮ್ಲ ಹೆಚ್ಚಿದೆಯೇ, ಶ್ವಾಸಕೋಶದಲ್ಲಿ ನೀರು ತುಂಬಿದೆಯೇ ಎಂದು ನೋಡುತ್ತಾರೆ. ಇವು ಯಾವುವೂ ಇಲ್ಲದವರಿಗೆ ಬೇಗ ಡಯಾಲಿಸಿಸ್ ಶುರು ಮಾಡಿದರೆ ಲಾಭವಿದೆಯೇ ಎಂದು ಹಲವು ದೇಶಗಳ ಸುಮಾರು 3,000 ಐಸಿಯು ರೋಗಿಗಳಲ್ಲಿ ನಡೆದ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಬೇಗ ಶುರು ಮಾಡಿದ್ದರಿಂದ 90 ದಿನಗಳಲ್ಲಿ ಸಾವು ಕಡಿಮೆಯಾಗಲಿಲ್ಲ. ಹಾಗಾಗಿ ತುರ್ತು ಕಾರಣ ಇಲ್ಲದಿದ್ದಾಗ ಕಾದು ನೋಡುವುದು ಅಲಕ್ಷ್ಯವಲ್ಲ.

ಎಳನೀರು, ಬಾಳೆದಿಂಡಿನ ರಸ ಕುಡಿಸಬಹುದೇ?

ಕ್ರಿಯಾಟಿನಿನ್ ಇಳಿಸಲು ಎಳನೀರು, ಬಾಳೆದಿಂಡಿನ ರಸ ಕುಡಿಸಿ ಎನ್ನುವ ಸಂದೇಶಗಳನ್ನು ಐಸಿಯು ರೋಗಿಯ ಮನೆಯವರಿಗೆ ದಯವಿಟ್ಟು ಕಳಿಸಬೇಡಿ. ಎರಡರಲ್ಲೂ ಪೊಟ್ಯಾಸಿಯಂ ಧಾರಾಳವಾಗಿದೆ. ಮೂತ್ರ ಸರಿಯಾಗಿ ಬರದವರ ಮೈಯಲ್ಲಿ ಅದು ಶೇಖರವಾದರೆ ಹೃದಯ ಬಡಿತವೇ ನಿಲ್ಲಬಹುದು. ಏನೇ ಕುಡಿಸುವ ಮುಂಚೆ ವಾರ್ಡಿನ ವೈದ್ಯರನ್ನು ಕೇಳಿ.

ಮನೆಯವರು ಮಾಡಬಹುದಾದದ್ದು

• ಹಾವು ಕಚ್ಚಿದರೆ ಕಟ್ಟು ಬಿಗಿಯಬೇಡಿ, ಗಾಯ ಕೊಯ್ಯಬೇಡಿ, ನಾಟಿ ಔಷಧಿಗೆಂದು ಕಾಯಬೇಡಿ. 108ಕ್ಕೆ ಕರೆ ಮಾಡಿ. ಹಾವಿನ ವಿಷಕ್ಕೆ ಇರುವ ಮದ್ದು ಆಸ್ಪತ್ರೆಯಲ್ಲಿ ಕೊಡುವ ಪ್ರತಿವಿಷ ಮಾತ್ರ. ಕಿಡ್ನಿ ಉಳಿಯಬೇಕಾದರೂ ಅದು ಬೇಗ ಸಿಗಬೇಕು.
• ಮೊದಲ ಆಸ್ಪತ್ರೆಯ ರಕ್ತ ಪರೀಕ್ಷೆ ರಿಪೋರ್ಟನ್ನು ಅಲ್ಲೇ ಮೊಬೈಲಿನಲ್ಲಿ ಫೋಟೊ ತೆಗೆದಿಡಿ. ದಿನಾಂಕ, ಸಮಯ ಕಾಣುವಂತಿರಲಿ.
• ಮನೆಯಲ್ಲಿ ಒಂದೆರಡು ವರ್ಷದ ಹಿಂದಿನ ಯಾವುದಾದರೂ ಕ್ರಿಯಾಟಿನಿನ್ ರಿಪೋರ್ಟ್ ಇದ್ದರೆ ಹುಡುಕಿ ತರಿಸಿ.
• ಕಚ್ಚಿದ ಅಥವಾ ಕಾಯಿಲೆ ಶುರುವಾದ ಸಮಯ, ಎಷ್ಟು ಬಾಟಲಿ ಡ್ರಿಪ್ ಹಾಕಿದರು, ಕೊನೆಯ ಸಲ ಮೂತ್ರ ಹೋದದ್ದು ಯಾವಾಗ, ಎಷ್ಟು ಎಂದು ಒಂದು ಚೀಟಿಯಲ್ಲಿ ಬರೆದಿಡಿ.
• ಮೈಕೈ ನೋವಿಗೆ, ಬಿಪಿಗೆ, ಮಂಡಿ ನೋವಿಗೆ ಅಂತ ನುಂಗುತ್ತಿದ್ದ ಮಾತ್ರೆ, ನಾಟಿ ಪುಡಿ ಏನಿದ್ದರೂ ಮುಚ್ಚಿಡದೆ ಹೇಳಿ. ಕೆಲವು ನೋವಿನ ಮಾತ್ರೆಗಳು ಕಿಡ್ನಿಗೆ ಹಾನಿ ಮಾಡುತ್ತವೆ.
• ಐಸಿಯು ವೈದ್ಯರು ಮಾತಾಡಲು ಸಿಕ್ಕಾಗ ‘ಕ್ರಿಯಾಟಿನಿನ್ ಎಷ್ಟು’ ಎಂದಷ್ಟೇ ಕೇಳಬೇಡಿ. ‘ನಿನ್ನೆಗಿಂತ ಹೆಚ್ಚೋ ಕಡಿಮೆಯೋ? ಮೂತ್ರ ಗಂಟೆಗೆ ಎಷ್ಟು ಬರುತ್ತಿದೆ? ಪೊಟ್ಯಾಸಿಯಂ ಹೇಗಿದೆ?’ ಎಂದು ಕೇಳಿ.
• ಡಿಸ್ಚಾರ್ಜ್ ಆದ ಮೇಲೂ ಮೂರು ತಿಂಗಳಿಗೆ ಒಮ್ಮೆ ರಕ್ತ, ಮೂತ್ರ ಪರೀಕ್ಷೆ ಮಾಡಿಸಿ. ಏಟು ತಿಂದ ಕಿಡ್ನಿ ಪೂರ್ತಿ ಚೇತರಿಸಿಕೊಂಡಿದೆಯೇ ಎಂದು ಆಗಲೇ ತಿಳಿಯುವುದು.

ನಮ್ಮ ತೀರ್ಮಾನ

‘ಕ್ರಿಯಾಟಿನಿನ್ ನಾರ್ಮಲ್ ಇದ್ದರೆ ಕಿಡ್ನಿ ಚೆನ್ನಾಗಿದೆ’ ಎಂಬ ಮಾತು ಐಸಿಯು ರೋಗಿಗಳ ಮಟ್ಟಿಗೆ ತಪ್ಪು. ‘ಹೆಚ್ಚಿದ್ದರೆ ಕಿಡ್ನಿ ಹೋಯಿತು’ ಎಂಬುದೂ ತಪ್ಪು. ಕಾಯಿಲೆಯವರನ್ನು ಹೊತ್ತ ಗಾಡಿ ಹೂಗ್ಯಂನಿಂದ ಮೈಸೂರಿಗೆ ಹೊರಟಾಗ ಮನೆಯವರ ಕೈಯಲ್ಲಿ ಮೊದಲ ರಿಪೋರ್ಟಿನ ಫೋಟೊ, ಮೂತ್ರದ ಲೆಕ್ಕದ ಚೀಟಿ ಎರಡೂ ಇದ್ದರೆ ಅಲ್ಲಿನ ವೈದ್ಯರಿಗೆ ಒಂದು ದಿನ ಉಳಿಯಬಹುದು. ಕಿಡ್ನಿಯ ವಿಷಯದಲ್ಲಿ ಒಂದು ದಿನ ಸಣ್ಣದಲ್ಲ. ಯಾರಿಗಾದರೂ ಕಳಿಸುವುದಿದ್ದರೆ ಈ ಮಾತನ್ನು ಕಳಿಸಿ.

ಈ ಲೇಖನ ಮಾಹಿತಿಗಾಗಿ ಮಾತ್ರ. ನಿಮ್ಮ ರೋಗಿಯ ಚಿಕಿತ್ಸೆಯ ನಿರ್ಧಾರವನ್ನು ಅವರನ್ನು ನೋಡುತ್ತಿರುವ ವೈದ್ಯರ ಜೊತೆ ಮಾತಾಡಿಯೇ ತೆಗೆದುಕೊಳ್ಳಿ.